ಬೇವಿನಡಿಯ ಕುಡುಗೋಲುಗಳು

"ಕೋಡು ತಿರುಗ್ಯಾವ!"

ಶಾಂತಪ್ಪ ಕೂಗಿದ ರಭಸಕ್ಕೆ ವಹಾಬನ ಕೈಯಲ್ಲಿದ್ದ ಕ್ಯಾಮೆರಾ ಅಲುಗಿತು. ಲೆನ್ಸಿನ ಮುಂದೆ ಹಿಡಿದಿದ್ದ ಕಪ್ಪು ಗಾಜಿನ ತುಂಡು ಜಾರಿ ಮಣ್ಣಿಗೆ ಬಿತ್ತು.

"ಏನ್ ಜಮಾದಾರ್ ಸಾಬ್, ಛಲೋ ಫೋಟೋ ಒಂದು ಕೆಡಿಸಿದ್ರಿ. ಗ್ರಹಣ ಅಂದ್ರ ಯಾದಗಿರಿ ಬಸ್ಸೇನ್ರಿ, ಇದು ತಪ್ಪಿದ್ರ ಇನ್ನೊಂದು ಬರಾಕ?"

"ಫೋಟೋ ಹಾಳಾಗಿ ಹೋಗ್ಲಿ. ಮ್ಯಾಲ ಬ್ಯಾಡ, ಕೆಳಗ ನೋಡು. ನೆಲ ನೋಡೋ ಮಾರಾಯ!"

ವಹಾಬ ಬಗ್ಗಿ ನೋಡಿದ. ಬೇವಿನ ಎಲೆಗಳ ಸಂದಿಯಿಂದ ಇಳಿದ ಬಿಸಿಲಿನ ಚುಕ್ಕಿಗಳು ದಿನದಂತೆ ದುಂಡಗಿರಲಿಲ್ಲ. ಒಂದೊಂದೂ ಎರಡು ಚೂಪು ಕೋಡಿನ ಪುಟ್ಟ ಕುಡುಗೋಲಾಗಿತ್ತು. ಭೀಮರಾಯನಗುಡಿ ಕ್ಯಾಂಪಿನ ಹಳೆಯ ಕಾಲುವೆ ಕಚೇರಿಯ ಅಂಗಳದ ತುಂಬ ಸಾವಿರ ಕುಡುಗೋಲುಗಳು ಚೆಲ್ಲಿದ್ದವು.

ತೊಂಬತ್ತೈದರ ದೀಪಾವಳಿ ಅಮಾವಾಸ್ಯೆ, ಬೆಳಗಿನ ಎಂಟೂಮುಕ್ಕಾಲು. ಹೊರಗೆ ಈ ಇಬ್ಬರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಬಾಗಿಲು ಹಾಕಿಕೊಂಡ ಮನೆಗಳೊಳಗಿಂದ ಟಿವಿಯ ಸದ್ದು ಮಾತ್ರ ಕೇಳುತ್ತಿತ್ತು. ತಲೆಯ ಮೇಲೆ ನಡೆಯುತ್ತಿರುವ ಗ್ರಹಣವನ್ನು ಜನ ಪೆಟ್ಟಿಗೆಯಲ್ಲಿ ನೋಡುತ್ತಿದ್ದರು.

"ಅರ್ಧ ತಾಸಿನ ಹಿಂದ ಇವುಗಳ ಕೋಡು ಎತ್ತಾಗಿದ್ವು?" ಶಾಂತಪ್ಪ ಕೇಳಿದ.

"ಮೂಡಲಕ್ಕ. ಅಗಾ, ಆ ಗೇಟಿನ ಕಡಿ."

"ಈಗ?"

"ಪಡುವಲಕ್ಕ. ಕಚೇರಿ ಮೆಟ್ಟಿಲ ಕಡಿ." ವಹಾಬ ತಲೆ ಎತ್ತಿದ. "ಹೊಳ್ಳ್ಯಾವಲ್ಲ!"

"ಹೊಳ್ಳಲೇಬೇಕು. ಚಂದ್ರ ಪಡುವಲ ಮಗ್ಗಲಿಂದ ಸೂರ್ಯನ್ನ ಮುಚ್ಚಾಕ ಶುರು ಮಾಡ್ತಾನ, ಮೂಡಲ ಮಗ್ಗಲಿಗಿ ಬಿಟ್ಟು ಹೋಗ್ತಾನ. ಮುಂಜಾನಿ ಗ್ರಹಣ ಆಗ್ಲಿ, ಸಂಜಿ ಗ್ರಹಣ ಆಗ್ಲಿ, ಇದಕ್ಕ ಬದಲಿಲ್ಲ. ಮೊನ್ನೆ ನನ್ನ ಮಗಳು ರೊಟ್ಟಿ ಮ್ಯಾಲ ತಾಟು ಸರಿಸಿ ತೋರಿಸಿದಳು. ಇವತ್ತು ಕಣ್ಣಾರೆ ಕಂಡೆ."

ಹೇಳುತ್ತಲೇ ಅವನು ಚೀಲದಿಂದ ಹನ್ನೊಂದು ಕಪ್ಪು-ಬಿಳುಪು ಫೋಟೋಗಳನ್ನು ತೆಗೆದು ಮೆಟ್ಟಿಲ ಮೇಲೆ ಸಾಲಾಗಿ ಹರಡಿದ. ಇದೇ ಅಂಗಳ, ಇದೇ ಬೇವು, ಇದೇ ಮೆಟ್ಟಿಲು. ಆದರೆ ಹದಿನೈದು ವರ್ಷ ಹಿಂದಿನವು. ಎಂಬತ್ತರ ಫೆಬ್ರವರಿ ಹದಿನಾರರ ಸೂರ್ಯಗ್ರಹಣದಲ್ಲಿ ಓವರ್ಸಿಯರ್ ಪಂಪಣ್ಣ ತೆಗೆದವು. ತೊಳೆದು ಪ್ರಿಂಟು ಹಾಕಿದವನು ಶಹಾಪುರದ ಫೋಟೋ ಸ್ಟುಡಿಯೋದ ಇದೇ ವಹಾಬ. ಒಂದೊಂದರ ಹಿಂದೆಯೂ ಪಂಪಣ್ಣನ ಮುದ್ದಾದ ಅಕ್ಷರದಲ್ಲಿ ವೇಳೆ ಬರೆದಿತ್ತು. ಕಡೆಯ ನಾಲ್ಕರ ಹಿಂದೆ 'ಸಂಜೆ ನಾಲ್ಕೂವರೆ, ಗ್ರಹಣ ಬಿಡುವಾಗ' ಎಂದಿತ್ತು.

"ಆ ಗ್ರಹಣ ಪೂರಾ ಹಿಡಿದದ್ದು ಮೂರೂ ನಲವತ್ತರ ಸುಮಾರಿಗಿ. ನಾಲ್ಕೂವರಿಗಿ ತೆಗೆದಿದ್ರ ಕೋಡು ಮೆಟ್ಟಿಲ ಕಡಿ ಇರಬೇಕಿತ್ತು. ನೋಡು, ಹನ್ನೊಂದೂ ಫೋಟೋದಾಗ ಕೋಡು ಗೇಟಿನ ಕಡಿನೇ ಅವ."

"ಅಂದ್ರ..."

"ಅಂದ್ರ ಎಲ್ಲಾ ಮೊದಲೇ ತೆಗದು ಇಟ್ಕೊಂಡಾನ. ಎರಡರಿಂದ ಐದರ ತನಕ ಬೇವಿನ ಗಿಡದ ಬುಡ ಬಿಟ್ಟು ಕದಲಿಲ್ಲ ಅಂತ ಹೇಳಿಕಿ ಕೊಟ್ಟವ, ನಡುವ ಎದ್ದು ಎಲ್ಲಿಗೋ ಹೋಗ್ಯಾನ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಎಂಬತ್ತರಲ್ಲಿ ಇಡೀ ಪೊಲೀಸ್ ಇಲಾಖೆ ಈ ಫೋಟೋಗಳನ್ನು ಕಣ್ಣಲ್ಲಿ ಕಂಡಿತ್ತು. ಪ್ರಮಾಣಿಸಿ ನೋಡಲು ಇನ್ನೊಂದು ಗ್ರಹಣವೇ ಬರಬೇಕಾಯಿತು, ಜಮಾದಾರ ಶಾಂತಪ್ಪ ರಿಟೈರಾಗಿ ಎರಡು ವರ್ಷ ಕಳೆಯಬೇಕಾಯಿತು.

ಗೋಗಿಯ ಮಾನಮ್ಮ ಅವನ ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಬಂದವಳು ಅಳಲಿಲ್ಲ, ಕೈಮುಗಿಯಲಿಲ್ಲ. "ಮಗಳ ಲಗ್ನಪತ್ರಿಕಿ ಅಚ್ಚಿಗಿ ಕೊಡಬೇಕ್ರಿ. ಅಪ್ಪನ ಹೆಸರಿನ ಮುಂದ ದಿವಂಗತ ಅಂತ ಹಾಕಿಸ್ಲೋ, ಬ್ಯಾಡೋ? ನಾ ಬಳಿ ಇಟ್ಕೊಳ್ಲೋ, ಒಡಕೊಳ್ಲೋ? ಆವತ್ತು ಬರಕೊಂಡವರು ನೀವು. ನೀವೇ ಹೇಳ್ರಿ" ಅಂದಿದ್ದಳು. ಅವಳ ಗಂಡ ದ್ಯಾವಪ್ಪ ಆ ಗ್ರಹಣದ ದಿನ ಕ್ಯಾಂಪಿನಿಂದ ಕಾಣೆಯಾಗಿದ್ದ. ಮದ್ದಿನ ಕೋಣೆಯ ಕಾವಲುಗಾರ ಎರಡು ಪೆಟ್ಟಿಗೆ ಜಿಲೆಟಿನ್ ಕದ್ದು ಓಡಿಹೋದ ಎಂದು ಕಾಗದದಲ್ಲಿ ಬರೆದು ಮುಗಿಸಿದ್ದರು.

ಬರೆದ ಕೈ ಶಾಂತಪ್ಪನದು.

ಅವನು ಅಂಗಳದ ಸುತ್ತ ನೋಡಿದ. ಕಚೇರಿಯ ಹೆಂಚು ಕುಸಿದಿತ್ತು. ಆಗ ಇದೇ ಅಂಗಳದಲ್ಲಿ ಜೀಪುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕಾಲುವೆಯಲ್ಲಿ ನೀರಿರಲಿಲ್ಲ, ಬರೀ ಧೂಳು. ಆದರೂ ಆ ಧೂಳಿನಲ್ಲಿ ಎಂಥ ಗೆಲುವಿತ್ತು! ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಜನ ನೀರಿನ ಮಾತನ್ನೇ ಉಂಡು ಮಲಗುತ್ತಿದ್ದರು. ದಿನಾ ಸಂಜೆ ಬಂಡೆಗೆ ಮದ್ದು ಹಾರಿಸುವ ಮುಂಚೆ ಕೆಂಪು ಬಾವುಟ ಹಿಡಿದು, ಸೀಟಿ ಊದುತ್ತ ಓಣಿ ಓಣಿ ಓಡುತ್ತಿದ್ದವನು ದ್ಯಾವಪ್ಪ. ಮಕ್ಕಳು ಬಾಲದಂತೆ ಅವನ ಹಿಂದೆ ಓಡುತ್ತಿದ್ದವು. ಆ ಸೀಟಿಯ ಸದ್ದು ಶಾಂತಪ್ಪನ ಕಿವಿಯಲ್ಲಿ ಇನ್ನೂ ಇತ್ತು.

"ಗೊಲ್ಲಾಳಮ್ಮನ ಮನಿಗಿ ನಡಿ," ಅಂದ. "ಗ್ರಹಣ ಬಿಡೋದ್ರೊಳಗ ಹೋಗಬೇಕು, ಆಮ್ಯಾಲ ಮುದುಕಿ ಮನ್ಯಾಗ ಸಿಗಲ್ಲ."

* * *

ಕ್ಯಾಂಪಿನಲ್ಲಿ ಚಹಾ-ಮಿರ್ಚಿ ಹೋಟೆಲು ಇಟ್ಟಿದ್ದ ಗೊಲ್ಲಾಳಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ದ್ಯಾವಪ್ಪನನ್ನು ಕಡೆಯದಾಗಿ ನೋಡಿದ ಸಾಕ್ಷಿ ಅವಳೊಬ್ಬಳೇ. ಬಾಗಿಲನ್ನು ಗೇಣಷ್ಟು ತೆರೆದು ಇಬ್ಬರನ್ನೂ ಬೈದಳು.

"ಗ್ರಹಣದಾಗ ತಿರುಗಾಕತ್ತೀರಲ್ಲ, ಬುದ್ಧಿ ಅದನೋ ಇಲ್ಲೋ? ಒಳಗ ಬರ್ರಿ ಜಲ್ದಿ. ಏನೂ ಮುಟ್ಟಬ್ಯಾಡ್ರಿ." ಆಮೇಲೆ ಶಾಂತಪ್ಪನ ಗುರುತು ಹತ್ತಿ ಬೊಚ್ಚು ಬಾಯಿ ಅಗಲಿಸಿದಳು. "ಯವ್ವಾ, ಇಲಿ ಕಡದ ಟೋಪಿ ಜಮಾದಾರ! ಎಲ್ಲಪ್ಪ ನಿನ್ನ ಟೋಪಿ?"

ಶಾಂತಪ್ಪನೂ ನಕ್ಕ. ಅವನ ಪೊಲೀಸ್ ಟೋಪಿಯ ಅಂಚನ್ನು ಚೌಕಿಯ ಇಲಿ ಅರ್ಧಚಂದ್ರನ ಹಾಗೆ ಕಡಿದಿತ್ತು. ಹೊಸದು ಬರುವ ತನಕ ಎರಡು ವರ್ಷ ಅದನ್ನೇ ಹಾಕಿಕೊಂಡು ಕ್ಯಾಂಪಿನವರ ನಗೆಗೆ ಗುರಿಯಾಗಿದ್ದ.

ಒಳಗೆ ನಡುಮನೆಯಲ್ಲಿ ಹಿತ್ತಾಳೆ ತಾಟಿನ ನೀರಿನೊಳಗೆ ಒಂದು ಒನಕೆ ಆಧಾರವಿಲ್ಲದೆ ನೆಟ್ಟಗೆ ನಿಂತಿತ್ತು. ಗ್ರಹಣ ಹಿಡಿದಾಗ ನಿಲ್ಲಿಸಿದರೆ ನಿಲ್ಲುತ್ತದೆ, ಬಿಟ್ಟಾಗ ತಾನೇ ಬೀಳುತ್ತದೆ. ಗೊಲ್ಲಾಳಮ್ಮನ ಗಡಿಯಾರ ಅದೇ. ಬೀಳುವ ತನಕ ಅವಳು ಹೊಸ್ತಿಲು ದಾಟುವವಳಲ್ಲ, ನೀರು ಕುಡಿಯುವವಳಲ್ಲ.

ಶಾಂತಪ್ಪ ಆ ಒನಕೆಯನ್ನು ನೋಡಿದ. ನೋಡುತ್ತಲೇ ನಿಂತ.

"ಯವ್ವಾ, ಆವತ್ತೂ ಒನಕಿ ನಿಲ್ಲಿಸಿದ್ದೇನು?"

"ಮತ್ತ? ನಿಲ್ಲಸದ ಬಿಡ್ತೀನೇನು?"

"ದ್ಯಾವಪ್ಪನ್ನ ಗ್ರಹಣ ಬಿಟ್ಟ ಮ್ಯಾಲ ನೋಡಿದೆ ಅಂತ ಬರೆಸಿದ್ದಿ. ಬಿಟ್ಟದ್ದು ನಿನಗ ಹೆಂಗ ಗೊತ್ತಾತು?"

"ಒನಕಿ ಬಿತ್ತಲ್ಲ! ಬಾಗಿಲ ತೆರದೆ. ದ್ಯಾವಪ್ಪ ಓಡಾಕತ್ತಿದ್ದ, ಕೈಯಾಗ ಏನೂ ಇದ್ದಿಲ್ಲ. ಯಾಕೋ ಅಂದೆ, ತಿರುಗಿ ನೋಡಲಿಲ್ಲ."

"ಹೊರಗ ಬೆಳಕು ಹೆಂಗಿತ್ತು?"

"ಮಬ್ಬು. ಸಂಜಿ ಮುಗದಂಗ. ನನ್ನ ಕೋಳಿ ಗೂಡು ಸೇರಾಕತ್ತಿದ್ವು. ಆದ್ರ ಒಂದು ಮಾತು. ಆಮ್ಯಾಲ ಮತ್ತ ಬಿಸಲು ಬಿತ್ತು ನೋಡು. ಕೋಳಿ ಎಲ್ಲಾ ಹೊರಗ ಬಂದ್ವು. ಇದೆಂಥಾ ಸಂಜಿವ್ವಾ ಅಂದ್ಕೊಂಡೆ."

"ಅದನ್ನ ಆವತ್ತು ಯಾಕ ಹೇಳಲಿಲ್ಲ?"

"ಕೇಳಿದ್ರಲ್ಲ ಹೇಳೋದು! ನೀ ಕೇಳಿದ್ದು ಒಂದೇ. ಗ್ರಹಣ ಬಿಟ್ಟ ಮ್ಯಾಲ ನೋಡಿದೇನು ಅಂದಿ. ಹೌದ್ರಿ ಅಂದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಿ."

ಗ್ರಹಣ ಬಿಡುವುದು ಐದಕ್ಕೆ ಎಂದು ಪಂಚಾಂಗದಲ್ಲಿತ್ತು. ಅದಕ್ಕೇ ಶಾಂತಪ್ಪ 'ಸಂಜೆ ಐದು ಗಂಟೆಗೆ' ಎಂದು ಬರೆದಿದ್ದ. ಕಾಲುವೆಗೂ ಬಸ್ಸಿನ ರಸ್ತೆಗೂ ಅವಳ ಮನೆಯ ಮುಂದಿನದೇ ದಾರಿ. ಓಡುವವನು ಬಸ್ಸಿಗೇ ಓಡುತ್ತಾನೆ ಎಂದುಕೊಂಡು 'ಬಸ್ಸಿನ ರಸ್ತೆಯ ಕಡೆಗೆ' ಎಂದೂ ಬರೆದಿದ್ದ.

ಅವನು ಕಾಲೆತ್ತಿ ನೆಲಕ್ಕೆ ಧಪ್ಪನೆ ಕುಟ್ಟಿದ. ತಾಟಿನ ನೀರು ನಡುಗಿತು. ಒನಕೆ ಒಂದು ಸಲ ಓಲಾಡಿ ಧಡಲ್ಲನೆ ಉರುಳಿತು.

"ಅಯ್ಯ ನನ ಹಡದವ್ವ! ಗ್ರಹಣ ಇನ್ನೂ ಬಿಟ್ಟಿಲ್ಲೋ!" ಗೊಲ್ಲಾಳಮ್ಮ ಒನಕೆಗೆ ಕೈ ಚಾಚಿದಳು.

"ಆವತ್ತೂ ಬಿಟ್ಟಿರಲಿಲ್ಲವ್ವ. ನೆಲ ನಡುಗಿತ್ತು. ಯಾರೋ ಕಾಲುವಿಯಾಗ ಮದ್ದು ಹಾರಿಸ್ಯಾರ."

"ಮದ್ದೇನು? ಸೀಟಿ ಊದಲಿಲ್ಲಲ್ಲ? ಆವತ್ತು ಕೆಲಸ ಬಂದ್ ಇತ್ತಲ್ಲ?" ಮುದುಕಿಯ ಮುಖ ಮೆಲ್ಲಗೆ ಬದಲಾಯಿತು. "ಸಪ್ಪಳ ಕೇಳಿತ್ತು ಖರೇ. ರಾಹು ಸೂರ್ಯನ್ನ ಉಗುಳಿದ ಸಪ್ಪಳ ಅಂದ್ಕೊಂಡೆ. ಎರಡನೇದ್ದು ಇನ್ನೂ ಜೋರಿತ್ತು."

"ಎರಡನೇದ್ದು?"

"ಬಿದ್ದದ್ದನ್ನ ಮತ್ತ ನಿಲ್ಲಿಸಿದ್ದೆನಪ. ದ್ಯಾವಪ್ಪ ಓಡಿಹೋಗಿ ಒಂದು ಎಲಿ ಅಡಿಕಿ ಹಾಕೊಳ್ಳೊ ಹೊತ್ತಾಗಿತ್ತು. ಮತ್ತೊಂದು ಸಲ ಬಿತ್ತು."

ಶಾಂತಪ್ಪ ಗೋಡೆಗೆ ಒರಗಿ ಕೂತ. ಸೀಟಿ ಊದದೆ ಮದ್ದು ಹಾರಿದ್ದು ಕೇಳಿ, ಊದಬೇಕಾದವನು ತಾನಲ್ಲವೇ ಎಂದು ದ್ಯಾವಪ್ಪ ಓಡಿದ್ದ. ಕಳ್ಳನ ಓಟವಲ್ಲ ಅದು, ಕಾವಲುಗಾರನ ಓಟ. ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ದರೆ ಆವತ್ತೇ ತಿಳಿಯುತ್ತಿತ್ತು. ಹದಿನೈದು ವರ್ಷ ಒಂದು ಹೆಣ್ಣುಮಗು ಶಾಲೆಯಲ್ಲಿ ಕಳ್ಳನ ಮಗಳು ಅನ್ನಿಸಿಕೊಂಡಿತ್ತು. ಶಾಂತಪ್ಪನ ಕಣ್ಣು ತುಂಬಿ ಬಂತು. ವಹಾಬ ಅದನ್ನು ನೋಡಿ ಕ್ಯಾಮೆರಾದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

* * *

ಪಂಪಣ್ಣನ ಮನೆ ಶಹಾಪುರದ ಹೊಸ ಬಡಾವಣೆಯಲ್ಲಿತ್ತು. ವಹಾಬನ ಸ್ಕೂಟರಿನಲ್ಲಿ ಇಬ್ಬರೂ ತಲುಪಿದಾಗ ಹನ್ನೊಂದು ಗಂಟೆ. ಗ್ರಹಣದ ಸ್ನಾನ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು, ಪಡಸಾಲೆಯ ತೂಗುಮಂಚದ ಮೇಲೆ ಅವನು ಕೂತಿದ್ದ. ಆಗಿನ ಕಪ್ಪು ಮೀಸೆ ಬೆಳ್ಳಗಾಗಿತ್ತು. ದನಿ ಮಾತ್ರ ಅದೇ ಮೆದು ದನಿ.

"ಬರ್ರಿ ಬರ್ರಿ, ಹಳೇ ಕ್ಯಾಂಪೇ ಮನಿಗಿ ಬಂದಂಗಾತು. ಚಹಾ ಮಾಡಸ್ಲೇನು?"

"ಆಮ್ಯಾಲ ಕುಡಿಯೂಣ್ರಿ." ಶಾಂತಪ್ಪ ಹನ್ನೊಂದು ಫೋಟೋಗಳನ್ನು ತೂಗುಮಂಚದ ಮೇಲೆ ಒಂದೊಂದಾಗಿ ಇಟ್ಟ. "ಇವು ನೆನಪದಾವೇನ್ರಿ?"

ಪಂಪಣ್ಣನ ಮುಖ ಅರಳಿತು. "ಅಯ್ಯ, ಇವು! ಬೊಂಬಾಯಿಯಿಂದ ತರಸಿದ ಕ್ಯಾಮೆರಾ. ಎಂಥಾ ದಿನ ಅವು! ಸುರಪುರದಾಚಿ ಹೊಳಿದಂಡಿಗಿ ಎಲ್ಲೆಲ್ಲಿಂದೋ ಜನ ಬರ್ತಾರಂತ, ದೊಡ್ಡ ದೊಡ್ಡ ದುರ್ಬೀನು ತಂದಾರಂತ ಸುದ್ದಿ. ನಾನೂ ಒಂದು ಕೈ ನೋಡಬೇಕಂತ ಹಟ. ಎಕ್ಸ್‌ರೇ ಹಾಳಿ ಮಡಚಿ ಹಿಡದು ಮ್ಯಾಲ ಸೂರ್ಯನ್ನ ನೋಡ್ತಿದ್ದೆ, ಕೆಳಗ ಅಂಗಳದ ಫೋಟೋ ಹೊಡೀತಿದ್ದೆ. ಒಂದು ರೋಲಿನಾಗ ಹನ್ನೊಂದು ಹೊಡದಿದ್ದೆ."

"ಬೇವಿನ ಬುಡದಾಗ ಕೂತು?"

"ಬೇವಿನ ಬುಡದಾಗ. ಎರಡರಿಂದ ಐದರ ತನಕ."

"ಹಂಗಾದ್ರ ಇದರ ಕೋಡು ಯಾಕ ತಿರುಗಿಲ್ಲ, ಪಂಪಣ್ಣೋರೇ?"

ಶಾಂತಪ್ಪ ಬೆಳಗಿನ ಕುಡುಗೋಲಿನ ಕತೆಯನ್ನು ನಿಧಾನವಾಗಿ ಹೇಳಿದ. ಕೂಗಲಿಲ್ಲ. ಹಿಂದೆಲ್ಲ ಅವನ ಮಾತಿಗಿಂತ ಮೊದಲು ಕೈ ಓಡುತ್ತಿತ್ತು. ಆಮೇಲೆ ಒನಕೆಯ ಮಾತು ಹೇಳಿದ. ಒಂದು ಸಲ ಬಿದ್ದದ್ದು, ಇನ್ನೊಂದು ಸಲ ಬಿದ್ದದ್ದು.

ಎರಡನೆಯ ಸಲ ಎಂದಾಗ ತೂಗುಮಂಚ ನಿಂತಿತು.

"ಅದು ಒಂದು ಬಂಡಿಗಲ್ಲು," ಪಂಪಣ್ಣ ಹೇಳಿದ. "ಕಾಲುವಿ ನಡುವ ಆನಿಯಂಗ ಕೂತಿತ್ತು. ಸೋಮವಾರ ದೊಡ್ಡ ಸಾಹೇಬ್ರು ನೋಡಾಕ ಬರೋರಿದ್ರು. ಶನಿವಾರ ಗ್ರಹಣ, ಒಬ್ಬ ಕೂಲಿಯವನೂ ಹಾರಿ-ಗುದ್ದಲಿ ಮುಟ್ಟಲ್ಲ ಅಂದ. ನಾನೇ ಹಾರಸ್ತೀನಿ ಅಂತ ಶುಕ್ರವಾರದ ಕೆಲಸದಾಗ ಒಂದಷ್ಟು ಕಡ್ಡಿ ಉಳಿಸಿ ಇಟ್ಕೊಂಡೆ."

"ಗ್ರಹಣದ ಹೊತ್ತೇ ಯಾಕ?"

"ಯಾರಿಗೂ ಕಲ್ಲು ಸಿಡೀಬಾರದು ಅಂತ್ರಿ. ಅವತ್ತು ಹೊರಗ ಒಂದು ನಾಯಿ ಸೈತ ಇರಲ್ಲಂತ ಗೊತ್ತಿತ್ತು. ಎರಡು ಕುಳಿ ತುಂಬಿದ್ದೆ. ಒಂದು ಹಾರಿತು. ಇನ್ನೊಂದು ಹಾರಲಿಲ್ಲ. ನಾ ದಂಡಿ ಮ್ಯಾಲ ನಿಂತಿದ್ದೆ. ಕತ್ತಲ ಕವಿಯಾಕತ್ತಿತ್ತು. ಅಷ್ಟರಾಗ ದ್ಯಾವಪ್ಪ ಓಡಿ ಬಂದ. ಯಾರವ, ಸೀಟಿ ಇಲ್ಲದ ಹಾರಿಸಿದವ ಯಾರು ಅಂತ ಚೀರಿಕೋತ ಸೀದಾ ಕೆಳಗ ಇಳದ. ಇಳೀಬ್ಯಾಡೋ ಅಂದೆ. ಅಂದೆನೋ, ಬರೀ ಬಾಯಿ ತೆರದೆನೋ, ಈಗ ಹೇಳಾಕ ಬರಲ್ಲ. ಎರಡನೇದ್ದು ಹಾರಿತು."

ಒಳಗಿನಿಂದ ಮೊಮ್ಮಕ್ಕಳ ನಗು ಕೇಳಿತು. ಯಾರೋ ಪಟಾಕಿಯ ಸರ ಬಿಚ್ಚಿ ಹಂಚುತ್ತಿದ್ದರು.

"ಆಮ್ಯಾಲ?"

"ಓಡಿದೆ. ಕ್ಯಾಮೆರಾ ಸೈತ ದಂಡಿ ಮ್ಯಾಲೇ ಬಿಟ್ಟು ಓಡಿದೆ. ಮರುದಿನ ಮುಂಜಾನಿ ಅದು ನನ್ನ ಕಚೇರಿ ಮೇಜಿನ ಮ್ಯಾಲ ಇತ್ತು. ಜವಾನ ತಂದಿಟ್ಟಾನ ಅಂದ್ಕೊಂಡೆ, ಕೇಳೋ ಧೈರ್ಯ ಆಗಲಿಲ್ಲ. ಸೋಮವಾರ ಡೋಜರ್ ಬಂದು ಕಲ್ಲೆಲ್ಲಾ ದಂಡಿಗಿ ತಳ್ಳಿತು. ನಾ ಆ ಕಡಿ ಮುಖ ಮಾಡಲಿಲ್ಲ."

"ಮತ್ತ ಕಳ್ಳ ಅಂತ ಹೆಸರಿಟ್ಟಿರಿ."

"ಇಟ್ಟೆ. ಎರಡು ಪೆಟ್ಟಿಗಿ ಹೋದ್ವು ಅಂತ ಲೆಕ್ಕಾ ಬರಸಿದವನೂ ನಾನೇ." ಪಂಪಣ್ಣ ಹಣೆಯ ವಿಭೂತಿಯನ್ನು ಅಂಗೈಯಿಂದ ಒರೆಸಿಕೊಂಡ. "ಅವ ಆ ದಂಡಿ ಕೆಳಗ ಅದಾನ್ರಿ ಜಮಾದಾರ್ರೇ. ಆ ಕಾಲುವಿ ನೀರು ಕುಡದ ಭತ್ತ ನಾ ಒಂದು ದಿನಾನೂ ಉಂಡಿಲ್ಲ. ಈ ಮನ್ಯಾಗ ಬರೀ ಜ್ವಾಳ."

ಶಾಂತಪ್ಪ ಫೋಟೋಗಳನ್ನು ಎತ್ತಿಕೊಂಡ. ಗೆದ್ದ ಖುಷಿ ಎಲ್ಲೂ ಇರಲಿಲ್ಲ. ಇಷ್ಟು ದಿನ ರಾಕ್ಷಸನನ್ನು ಹುಡುಕಿ ಹೊರಟವನಿಗೆ ಸಿಕ್ಕಿದ್ದು ಒಬ್ಬ ಹೇಡಿ.

"ಶಹಾಪುರ ಠಾಣೆಗಿ ನೀವೇ ನಡಕೊಂಡು ಬರ್ತೀರೋ, ನಾ ಹೇಳಿ ಕಳಸ್ಲೋ?"

"ನಾಳೆ ಬರ್ತೀನಿ. ಇವತ್ತು ಹಬ್ಬ, ಹುಡುಗರು ಅದಾವ."

* * *

ಮಾನಮ್ಮ ಕಾಲುವೆಗೆ ಇಳಿಯುವ ಪಾವಟಿಗೆಯ ಮೇಲೆ ಕೂತು ಕಾಯುತ್ತಿದ್ದಳು. ಅಲ್ಲಿಗೇ ಬರಲು ಶಾಂತಪ್ಪ ನಿನ್ನೆ ಹೇಳಿ ಕಳಿಸಿದ್ದ. ಮಧ್ಯಾಹ್ನದ ಬಿಸಿಲು ಮತ್ತೆ ಎಂದಿನಂತಾಗಿತ್ತು. ಕೃಷ್ಣೆಯ ನೀರು ದಂಡೆ ತುಂಬ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಕಲ್ಲಿನ ರಾಶಿಯ ಮೇಲೆ ಜಾಲಿ ಬೆಳೆದಿತ್ತು.

ಅವಳು ಇದೇ ಪಾವಟಿಗೆಯಲ್ಲಿ ಹದಿಮೂರು ವರ್ಷದಿಂದ ಬಟ್ಟೆ ಒಗೆಯುತ್ತಿದ್ದಳು. ಅದನ್ನು ನೆನೆದು ಶಾಂತಪ್ಪ ದೂರದಲ್ಲೇ ನಿಂತುಬಿಟ್ಟ.

"ಹೇಳಿಬಿಡ್ತೀನಿ," ಅಂದ. "ಹೇಳೋದು ನನ್ನ ಕರ್ಮ."

ಹೆಜ್ಜೆ ಎತ್ತಿದ. ವಹಾಬ ಅವನ ಮುಂಗೈ ಹಿಡಿದ.

"ಹೇಳಬ್ಯಾಡ್ರಿ."

"ಬಿಡೋ ವಹಾಬ. ಎಷ್ಟು ದಿನ ಮುಚ್ಚಿಡೋದು?"

"ಅದೇ ನಾನೂ ಕೇಳಾಕತ್ತೇನಿ ಸಾಬ್. ಎಷ್ಟು ದಿನ ಮುಚ್ಚಿಡ್ಲಿ?" ವಹಾಬ ಕ್ಯಾಮೆರಾದ ಚರ್ಮದ ಚೀಲದ ತಳದ ಹೊಲಿಗೆ ಬಿಚ್ಚಿ, ಬೆಣ್ಣೆಕಾಗದದಲ್ಲಿ ಸುತ್ತಿದ ಒಂದು ಪ್ರಿಂಟನ್ನು ಹೊರತೆಗೆದ. "ಪಂಪಣ್ಣ ಹೊಡದದ್ದು ಹನ್ನೊಂದೇ. ಸುಳ್ಳಲ್ಲ. ಆದ್ರ ರೋಲ್ ತೊಳದಾಗ ನನಗ ಹನ್ನೆರಡು ಬಂದ್ವು."

ಆಗಲೇ ಮಾನಮ್ಮ ಎದ್ದು ಬಂದಿದ್ದಳು. ಕಾಗದವನ್ನು ಅವಳೇ ಇಸಿದುಕೊಂಡಳು.

ಹಾಸುಗಲ್ಲಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಹಣೆಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಕಪ್ಪು ಕಲೆ. ಕೊರಳಲ್ಲಿ ದಾರ ಕಟ್ಟಿದ ಸೀಟಿ. ಮೈತುಂಬ ಧೂಳು, ಆದರೂ ಬಾಯಿ ತುಂಬ ನಗುತ್ತಿದ್ದ.

ಮಾನಮ್ಮ ಫೋಟೋವನ್ನು ಎದೆಗೆ ಒತ್ತಿಕೊಂಡಳು, ಮತ್ತೆ ನೋಡಿದಳು, ಮತ್ತೆ ಒತ್ತಿಕೊಂಡಳು.

"ಕೊಡವ್ವ, ಒಂದು ಗಳಿಗಿ." ಶಾಂತಪ್ಪ ಕನ್ನಡಕ ಏರಿಸಿ ಫೋಟೋದ ಮೇಲೆ ಬಗ್ಗಿದ.

ದ್ಯಾವಪ್ಪನ ಸುತ್ತ ಕಲ್ಲಿನ ಮೇಲೆ ಜಾಲಿಗಿಡದ ಬೆಳಕಿನ ಚುಕ್ಕಿಗಳು ಚೆಲ್ಲಿದ್ದವು. ಎಲ್ಲವೂ ಪುಟ್ಟ ಕುಡುಗೋಲುಗಳು. ಮಧ್ಯಾಹ್ನ ಮೀರಿದ ಹೊತ್ತು, ಅವನ ನೆರಳು ಮೂಡಲಕ್ಕೆ ಬಿದ್ದಿತ್ತು. ಕುಡುಗೋಲಿನ ಕೋಡುಗಳು ಪಡುವಲಕ್ಕೆ ತಿರುಗಿದ್ದವು.

ಗ್ರಹಣ ಬಿಡುತ್ತಿದ್ದಾಗಿನ ಚಿತ್ರ. ಕತ್ತಲು ಕಳೆದು, ಎರಡೂ ಮದ್ದು ಹಾರಿ, ಪಂಪಣ್ಣ ಓಡಿಹೋದ ಮೇಲಿನ ಚಿತ್ರ.

"ಬದುಕಿದ್ದ," ಶಾಂತಪ್ಪ ಪಿಸುಗುಟ್ಟಿದ. "ಮದ್ದು ಹಾರಿದ ಮ್ಯಾಲೂ ಬದುಕಿದ್ದ! ವಹಾಬ, ಇದನ್ನ ಇಟ್ಕೊಂಡು ಹದಿನೈದು ವರ್ಷ ನೀ..."

"ಪೂರ್ತಿ ನೋಡ್ರಿ ಸಾಬ್. ಕೆಳಗಿನ ಅಂಚು ನೋಡ್ರಿ."

ಚಿತ್ರದ ಕೆಳಗಿನ ಅಂಚಿನಿಂದ ಇನ್ನೊಂದು ನೆರಳು ಕಲ್ಲಿನ ಮೇಲೆ ಚಾಚಿತ್ತು. ಸೂರ್ಯನಿಗೆ ಬೆನ್ನು ಕೊಟ್ಟು ಚಿತ್ರ ತೆಗೆದವನ ನೆರಳು. ಗ್ರಹಣದ ಬಿಸಿಲಿನಲ್ಲಿ ನೆರಳಿನ ಅಂಚು ಎಂದಿಗಿಂತ ಚೂಪು. ಎರಡು ಭುಜ, ಎದೆಯ ಹತ್ತಿರ ಹಿಡಿದ ಕೈಗಳು, ತಲೆಯ ಮೇಲೆ ಒಂದು ಬದಿಗೆ ಅಂಚು ಮಡಚಿದ ಪೊಲೀಸ್ ಟೋಪಿ.

ಮಡಚದ ಬದಿಯ ಅಂಚಿನಲ್ಲಿ, ಅರ್ಧಚಂದ್ರನ ಹಾಗೆ, ಒಂದು ಕಡಿದ ಗುರುತು.

"ಈ ನೆರಳು ನಿಮ್ಮದು ಅಂತ ತಿಳ್ಕೊಂಡಿದ್ದೆ," ವಹಾಬ ನೆಲ ನೋಡುತ್ತ ಹೇಳಿದ. "ಬದುಕಿದ್ದವನ್ನ ಕಡೀಗಿ ಕಂಡವರೂ ನೀವೇ, ಓಡಿಹೋದ ಅಂತ ಬರದವರೂ ನೀವೇ. ಜಮಾದಾರರ ಗುನ್ಹೆ ಜಮಾದಾರರ ಕೈಗೇ ಹೆಂಗ ಕೊಡ್ಲಿ? ಮೊದಲ ವರ್ಷ ಹೆದರಿಕಿ. ಆಮ್ಯಾಲ ನಿಮ್ಮ ಕೂಡ ದೋಸ್ತಿ ಆತು, ಆಗ ನಾಚಿಕಿ. ಇವತ್ತು ಗೊಲ್ಲಾಳಮ್ಮನ ಮನ್ಯಾಗ ನಿಮ್ಮ ಕಣ್ಣೀರು ನೋಡಿದೆ. ಗುನ್ಹೆ ಮಾಡಿದವನ ಕಣ್ಣೀರು ಹಂಗಿರಲ್ಲ. ಅದಕ್ಕ ತೆಗದೆ."

ಮಾನಮ್ಮ ಫೋಟೋವನ್ನು ಹಿಂದಕ್ಕೆ ಇಸಿದುಕೊಂಡಳು. ನೆರಳನ್ನು ನೋಡಿದಳು. ತಲೆ ಎತ್ತಿ ಶಾಂತಪ್ಪನನ್ನು ನೋಡಿದಳು. ಹನ್ನೆರಡು ದಿನದ ಹಿಂದೆ ಅವನ ಮನೆ ಬಾಗಿಲಲ್ಲಿ ಇದ್ದ ನಂಬಿಕೆ ಆ ಕಣ್ಣಿನಲ್ಲಿ ಇರಲಿಲ್ಲ.

"ನನ್ನ ಗಂಡ ಯಾರನ್ನ ನೋಡಿ ನಗಾಕತ್ತಾನ್ರಿ? ನಿಮ್ಮನ್ನೇನು?"

"ಟೋಪಿ ನಂದೇ ಅದವ್ವ," ಶಾಂತಪ್ಪ ಹೇಳಿದ. "ತಲಿ ನಂದಲ್ಲ."

ಆ ಮಾತು ಅವನ ಕಿವಿಗೇ ಪೊಳ್ಳಾಗಿ ಕೇಳಿತು. ಆವತ್ತು ಮಧ್ಯಾಹ್ನ ಮನೆಯಲ್ಲಿ ಎಂಟು ತಿಂಗಳ ಬಸುರಿ ಹೆಂಡತಿ ಇದ್ದಳು. ಗ್ರಹಣದ ಹೊತ್ತಿನಲ್ಲಿ ಒಬ್ಬಳೇ ಇರಲಾರೆ ಎಂದು ಅತ್ತಿದ್ದಳು. ಡ್ಯೂಟಿ ಬಿಟ್ಟು ಹೊರಟ ಪೊಲೀಸಿನವನನ್ನು ಯಾರೂ ಗುರುತಿಸಬಾರದೆಂದು ಅವನು ಟೋಪಿಯನ್ನು ಚೌಕಿಯ ಮೊಳೆಗೆ ನೇತುಹಾಕಿ, ತಲೆಗೆ ಟವೆಲು ಸುತ್ತಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಅದನ್ನು ನೋಡಿದ ಒಬ್ಬಳೇ ಸಾಕ್ಷಿ, ಹೆಂಡತಿ, ಸತ್ತು ಆರು ವರ್ಷ. ಸಂಜೆ ಬಂದಾಗ ಟೋಪಿ ಅದೇ ಮೊಳೆಯಲ್ಲಿ ಇತ್ತು. ಧೂಳು ಹಿಡಿದಿತ್ತು, ನಡುವೆ ಯಾರು ಹಾಕಿಕೊಂಡು ಹೋಗಿದ್ದರೆಂದು ಯೋಚಿಸದೆ ಅವನು ಕೊಡವಿ ಹಾಕಿಕೊಂಡಿದ್ದ.

"ಹಂಗಾರ ಆವತ್ತು ಆ ಹೊತ್ತಿಗಿ ನೀವು ಎಲ್ಲಿದ್ರಿ?" ಮಾನಮ್ಮ ಕೇಳಿದಳು. "ಪೊಲೀಸ್ರು ದಿನಾ ಎಲ್ಲಿ ಹೋಗಿದ್ರಿ ಅಂತ ಬರದಿಡ್ತೀರಂತಲ್ಲ. ನೀವು ಏನು ಬರದೀರಿ?"

ಡ್ಯೂಟಿ ತಪ್ಪಿಸಿದ್ದು ಮುಚ್ಚಲು ಆ ಸಂಜೆ ಶಾಂತಪ್ಪ ಚೌಕಿಯ ಡೈರಿಯಲ್ಲಿ ತನ್ನ ಕೈಯಾರೆ ಬರೆದು ಸಹಿ ಮಾಡಿದ್ದ ಸಾಲು ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ಬಂತು.

'ಮೂರು ಗಂಟೆಯಿಂದ ಐದರವರೆಗೆ, ನಾನೊಬ್ಬನೇ, ಕಾಲುವೆ ದಂಡೆಯ ಮೇಲೆ ಗಸ್ತು.'